ಗಾಳಿಯ ಒತ್ತಡದಿಂದ ವಿಮಾನದ ಎತ್ತರ

ಪ್ರಶ್ನೆ: ವಿಮಾನದ ಎತ್ತರವನ್ನು ಗಾಳಿಯ ಒತ್ತಡದಿಂದ ತಿಳಿಯುತ್ತಾರೆಂದು ಓದಿದೆ. ಒತ್ತಡವು ದಿನದಿನಕ್ಕೂ ಊರಿಂದೂರಿಗೂ ಬದಲಾಗುವಾಗ ಪೈಲಟ್ ಆ ಅಳತೆಯನ್ನು ನಂಬುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಸಂದೇಹ ಸಕಾರಣವಾದದ್ದೇ. ಎತ್ತರ ತೋರಿಸುವ ಉಪಕರಣವಾದ ಆಲ್ಟಿಮೀಟರ್ ಅಳೆಯುವುದು ಒತ್ತಡವನ್ನು ಮಾತ್ರ. ಯಾವ ಒತ್ತಡದಿಂದ ಎತ್ತರವನ್ನು ಎಣಿಸಬೇಕೆಂಬುದನ್ನು ಪೈಲಟ್ ಒಂದು ಗುಂಡಿ ತಿರುಗಿಸಿ ನಿಗದಿಪಡಿಸುತ್ತಾರೆ. ಆ ಅಂಕಿಯಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ (ಒತ್ತಡದ ಮಾನ) ತಪ್ಪಿದರೆ ಎತ್ತರದಲ್ಲಿ ಸುಮಾರು 28 ಅಡಿ ತಪ್ಪುತ್ತದೆ.

ವಿಮಾನ ಏರುವಾಗ, ಇಳಿಯುವಾಗ ಬಳಸುವ ಅಂಕಿಗೆ ಕ್ಯೂಎನ್‌ಎಚ್ ಎನ್ನುತ್ತಾರೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿರುವುದರಿಂದ ಅಲ್ಲಿನ ನಿಜವಾದ ಒತ್ತಡ 910 ಹೆಕ್ಟೊಪ್ಯಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ. ಪೈಲಟ್‌ಗೆ ಹೇಳುವ ಅಂಕಿ ಮಾತ್ರ ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ್ದಾದ್ದರಿಂದ ಸಾವಿರ ದಾಟಿರುತ್ತದೆ. ಅದನ್ನು ಹೊಂದಿಸಿದಾಗ, ನೆಲದ ಮೇಲೆ ನಿಂತ ವಿಮಾನದ ಆಲ್ಟಿಮೀಟರ್ ನಿಲ್ದಾಣದ ಎತ್ತರವನ್ನೇ ತೋರಿಸಬೇಕು. 75 ಅಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಉಪಕರಣದ ನಿಖರತೆಯನ್ನು ಶಂಕಿಸಬೇಕೆಂಬುದು ಅಮೆರಿಕದಲ್ಲಿರುವ ಮಾರ್ಗಸೂಚಿ.

ನಿಗದಿತ ಎತ್ತರ ದಾಟಿದ ಮೇಲೆ ಎಲ್ಲ ವಿಮಾನಗಳೂ 1013.25 ಎಂಬ ಒಂದೇ ಅಂಕಿಗೆ ಬದಲಾಗುತ್ತವೆ. ಅಲ್ಲಿ ತೋರುವ ಎತ್ತರ ನಿಜವಾದ ಎತ್ತರಕ್ಕೆ ಸರಿಹೊಂದದಿರಬಹುದು. ಆದರೆ ಒಂದೇ ಪ್ರದೇಶದಲ್ಲಿ ಹಾರುವ ಎಲ್ಲರ ಲೆಕ್ಕವೂ ಒಂದೇ ರೀತಿ ವ್ಯತ್ಯಾಸವಾಗುವುದರಿಂದ ಪರಸ್ಪರ ಅಂತರ ಉಳಿಯುತ್ತದೆ. 29,000ದಿಂದ 41,000 ಅಡಿಗಳ ನಡುವೆ ಕೇವಲ 1,000 ಅಡಿ ಅಂತರದಲ್ಲಿ ವಿಮಾನಗಳು ಹಾದುಹೋಗಲು ಈ ಏಕರೂಪತೆ, ಜೊತೆಗೆ ಉಪಕರಣಗಳ ಹೆಚ್ಚಿನ ನಿಖರತೆ, ಎರಡೂ ಬೇಕು.

ಉಷ್ಣಾಂಶವೂ ಲೆಕ್ಕ ಕೆಡಿಸುತ್ತದೆ. ಗಾಳಿ ಪ್ರಮಾಣಿತ ಉಷ್ಣಾಂಶಕ್ಕಿಂತ 10 ಡಿಗ್ರಿ ತಣ್ಣಗಿದ್ದರೆ ವಿಮಾನವು ತೋರಿಸುವುದಕ್ಕಿಂತ ಸುಮಾರು ಶೇ 4ರಷ್ಟು ಕೆಳಗಿರುತ್ತದೆ. ನಮ್ಮ ಬಯಲುಸೀಮೆಯ ಸೆಕೆಯಲ್ಲಿ ಇದು ತಿರುವುಮುರುವಾಗಿ, ವಿಮಾನ ತುಸು ಮೇಲೆಯೇ ಇರುತ್ತದೆ.

ನನಗೆ ಹೆಚ್ಚು ಆತಂಕ ತರುವುದು ಉಪಕರಣದ ದೋಷವಲ್ಲ, ತಪ್ಪಾಗಿ ಹೇಳಿದ ಅಂಕಿ. 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ಡಿ ಗಾಲ್ ನಿಲ್ದಾಣದಲ್ಲಿ ಇಳಿಯಲು ಬರುತ್ತಿದ್ದ ಏರ್‌ಬಸ್ ಎ320 ವಿಮಾನಕ್ಕೆ ನಿಯಂತ್ರಕರು 1001ರ ಬದಲು 1011 ಎಂದು ಹೇಳಿದರು. ಆ ದಿನ ಇಳಿಯುವ ಹಾದಿಯನ್ನೂ ಇದೇ ಒತ್ತಡದ ಲೆಕ್ಕದಿಂದ ಹಿಡಿದಿದ್ದರಿಂದ ವಿಮಾನ ಸುಮಾರು 280 ಅಡಿ ಕೆಳಗೆ ಸಾಗಿತು. ಮೋಡದಿಂದಾಗಿ ರನ್‌ವೇ ಕಾಣದೆ ಪೈಲಟ್‌ಗಳು ಇಳಿಯುವುದನ್ನು ಕೈಬಿಟ್ಟು ಮೇಲೇರುವಷ್ಟರಲ್ಲಿ ರೇಡಿಯೊ ಅಲೆಗಳಿಂದ ನೆಲದಿಂದಿರುವ ಎತ್ತರವನ್ನು ನೇರವಾಗಿ ಅಳೆಯುವ ರೇಡಿಯೊ ಆಲ್ಟಿಮೀಟರ್ ದಾಖಲಿಸಿದ ಕನಿಷ್ಠ ಎತ್ತರ 6 ಅಡಿ. ರನ್‌ವೇ ಇನ್ನೂ ಸುಮಾರು ಒಂದು ನಾಟಿಕಲ್ ಮೈಲಿ ದೂರದಲ್ಲಿತ್ತು. ಕೇಳಿದ ಅಂಕಿಯನ್ನು ಪೈಲಟ್ ಮರುನುಡಿಯಬೇಕೆಂಬ ನಿಯಮ ಅಲ್ಲಿ ನೆರವಾಗಲಿಲ್ಲ, ಏಕೆಂದರೆ ಅವರು ಮರುನುಡಿದದ್ದೂ 1011 ಅನ್ನೇ. ಆದ್ದರಿಂದ ನಿಲ್ದಾಣದ ಹವಾಮಾನ ಪ್ರಸಾರದಂತಹ ಬೇರೊಂದು ಮೂಲದೊಡನೆ ಅಂಕಿಯನ್ನು ತಾಳೆ ನೋಡುವುದು ಅತ್ಯಗತ್ಯ.