ರಾತ್ರಿ ಡೈಪರ್ ಸೋರುತ್ತಾ? ಬೆಳಿಗ್ಗೆ ಬಿಸಾಡುವ ಮೊದಲು ಒಮ್ಮೆ ಒತ್ತಿ ನೋಡಿ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 14 ತಿಂಗಳು. ತೂಕ 10 ಕಿಲೋ. ಸಂಜೆ ತೆಂಗಿನೆಣ್ಣೆ ಹಚ್ಚಿ ಮೀಯಿಸಿ, ಎಂಟು ಗಂಟೆಗೆ ಡೈಪರ್ ಹಾಕಿ ಜೋಲಿಯಲ್ಲಿ ಮಲಗಿಸುತ್ತೇವೆ. ಆಮೇಲೆ ಎತ್ತಿ ಹಾಸಿಗೆಗೆ ಹಾಕುವುದು. ಮೂರು ಗಂಟೆಯ ಹೊತ್ತಿಗೆ ಅಂಗಿ, ಹೊದಿಕೆ, ಹಾಸಿಗೆ ಎಲ್ಲಾ ಒದ್ದೆ. ಎರಡು ಕಂಪನಿ ಬದಲಾಯಿಸಿದೆ, ಏನೂ ಪ್ರಯೋಜನ ಆಗಲಿಲ್ಲ. ಈಗ ಮಳೆಗಾಲ ಬೇರೆ, ಹಾಸಿಗೆ ಒಣಗುವುದೇ ಇಲ್ಲ. ರಾತ್ರಿ ಹಾಲು ಕಡಿಮೆ ಮಾಡು ಅಂತ ಅತ್ತೆ ಹೇಳುತ್ತಾರೆ, ನನಗೆ ಮನಸ್ಸು ಬರುವುದಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ಮೂರನೇ ಕಂಪನಿಯದ್ದು ತರುವ ಮೊದಲು ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಬಿಚ್ಚಿದ ಡೈಪರನ್ನು ಕೂಡಲೇ ಬಿಸಾಡಬೇಡಿ. ಕೈಯಲ್ಲಿ ಹಿಡಿದು ಮುಂದೆ, ನಡುವೆ, ಹಿಂದೆ ಒತ್ತಿ ನೋಡಿ. ಮೂರೂ ಕಡೆ ಉಬ್ಬಿ ಜೆಲ್ಲಿ ಹಾಗೆ ಗಟ್ಟಿಯಾಗಿದ್ದರೆ ಅದು ತುಂಬಿ ಸೋರಿದ್ದು. ಮುಂದೆ ಮಾತ್ರ ಉಬ್ಬಿ ಹಿಂದೆ ಒಣಗಿ ತೆಳ್ಳಗೇ ಇದ್ದರೆ, ತುಂಬುವ ಮೊದಲೇ ಉಚ್ಚೆಗೆ ಹೊರಗೆ ಹೋಗಲು ದಾರಿ ಸಿಕ್ಕಿದೆ ಅಂತ ಅರ್ಥ. ನನ್ನ ಹತ್ತಿರ ಬರುವ ತಾಯಂದಿರಲ್ಲಿ ಹೆಚ್ಚಿನವರದ್ದು ಈ ಎರಡನೆಯದೇ. ಹಾಗಾಗಿಯೇ ಕಂಪನಿ ಬದಲಾಯಿಸಿದರೂ ಸೋರುವುದು ನಿಲ್ಲುವುದಿಲ್ಲ.

ಲೆಕ್ಕ ಹಾಕಿದರೂ ಇದು ಗೊತ್ತಾಗುತ್ತದೆ. ಈ ಪ್ರಾಯದ ಮಗು ಗಂಟೆಗೆ ಕಿಲೋಗೆ ಸುಮಾರು 1ರಿಂದ 2 ಮಿಲಿ ಉಚ್ಚೆ ಮಾಡುತ್ತದೆ. ನಿಮ್ಮ ಮಗನಿಗೆ 10 ಕಿಲೋ ಅಂದರೆ ಹತ್ತು ಗಂಟೆಯ ರಾತ್ರಿಗೆ 100ರಿಂದ 200 ಮಿಲಿ. ಸರಿಯಾದ ಅಳತೆಯ ಒಂದು ಡೈಪರ್ ಇಷ್ಟು ಹಿಡಿದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಸಣ್ಣ ತಕ್ಕಡಿ ಇದ್ದರೆ ಹೊಸ ಡೈಪರ್ ಮತ್ತು ಬೆಳಗಿನ ಡೈಪರ್ ಎರಡನ್ನೂ ತೂಗಿ ನೋಡಿ, ಎಷ್ಟು ಗ್ರಾಂ ಹೆಚ್ಚಾಗಿದೆಯೋ ಹೆಚ್ಚುಕಡಿಮೆ ಅಷ್ಟು ಮಿಲಿ ಅದು ಹೀರಿದೆ. ಆದರೆ ಒಳಗಿನ ಪುಡಿ ನೀರು ಹೀರಿ ಜೆಲ್ಲಿ ಆಗಲು ಸ್ವಲ್ಪ ಹೊತ್ತು ಬೇಕು. ನಿದ್ದೆಯಲ್ಲಿ ಮಗು ಒಂದೊಂದು ಸಲಕ್ಕೆ ಜಾಸ್ತಿ ಉಚ್ಚೆ ಬಿಡುತ್ತದೆ. ಆ ಹೊತ್ತಿಗೆ ಎಲ್ಲಿ ಸಂದಿ ಇದೆಯೋ ಅಲ್ಲಿಂದ ಹರಿದು ಹೋಗುತ್ತದೆ.

ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಮೊದಲು ಹೋದದ್ದು ತೆಂಗಿನೆಣ್ಣೆಗೆ. ನಮ್ಮ ಕಡೆ ಎಣ್ಣೆ ಹಚ್ಚದೆ ಮಗುವನ್ನು ಮೀಯಿಸುವುದೇ ಇಲ್ಲ, ಅದು ಒಳ್ಳೆಯ ಅಭ್ಯಾಸವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಮಿಂದ ಮೇಲೆ ಮತ್ತೊಮ್ಮೆ ತೊಡೆಸಂದಿಗೆ, ಕುಂಡೆಗೆ ಎಣ್ಣೆ ಸವರಿ ಅದರ ಮೇಲೆ ಡೈಪರ್ ಹಾಕುತ್ತೀರಾ? ಆ ಎಣ್ಣೆ ಡೈಪರಿನ ಒಳಮೈಗೆ ಹಿಡಿಯುತ್ತದೆ. ಎಣ್ಣೆ ಹಿಡಿದ ಜಾಗದಲ್ಲಿ ನೀರು ಬೇಗ ಒಳಗೆ ಇಳಿಯುವುದಿಲ್ಲ. ಬೇಕಾದರೆ ಒಂದು ಹೊಸ ಡೈಪರ್ ಬಿಡಿಸಿಟ್ಟು ಅರ್ಧಕ್ಕೆ ಎಣ್ಣೆಗೈ ಉಜ್ಜಿ, ಎರಡೂ ಕಡೆ ಒಂದೊಂದು ಚಮಚ ನೀರು ಹಾಕಿ ನೋಡಿ. ಒಂದು ಕಡೆ ನೀರು ಮಾಯ. ಎಣ್ಣೆ ಇರುವ ಕಡೆ ಕೂಡಲೇ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಒಂದು ಡೈಪರ್ ಹಾಳಾದರೂ ತೊಂದರೆ ಇಲ್ಲ, ಇದನ್ನು ಅತ್ತೆಗೂ ತೋರಿಸಿ. ರ‍್ಯಾಷ್ ಕ್ರೀಮ್, ವ್ಯಾಸಲೀನ್ ದಪ್ಪಗೆ ಬಳಿದರೂ ಹೀಗೇ ಆಗುತ್ತದೆ. ಕೆಂಪಾದ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ, ಐದು ನಿಮಿಷ ಬಿಟ್ಟು ಡೈಪರ್ ಹಾಕಿ. ಪೌಡರ್ ಮಾತ್ರ ಬೇಡವೇ ಬೇಡ, ಅದರ ಧೂಳು ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ.

ಇನ್ನು ಜೋಲಿ. ಜೋಲಿಯಲ್ಲಿ ಮಗುವಿನ ಮೈ ಬಿಲ್ಲಿನ ಹಾಗೆ ಬಾಗುತ್ತದೆ, ಸೊಂಟವೇ ಎಲ್ಲಕ್ಕಿಂತ ಕೆಳಗೆ. ಬೆನ್ನಿನ ಕಡೆ ಡೈಪರಿನ ಪಟ್ಟಿ ಚರ್ಮ ಬಿಟ್ಟು ನಿಲ್ಲುತ್ತದೆ, ಉಚ್ಚೆ ಅಲ್ಲಿಗೇ ಹರಿದು ಬರುತ್ತದೆ. ಜೊತೆಗೆ ಬಟ್ಟೆ ಎರಡೂ ಕಡೆಯಿಂದ ಒತ್ತುವುದರಿಂದ ಹೀರಿಕೊಳ್ಳುವ ಮೊದಲೇ ಹಿಂಡಿದ ಹಾಗೆ ಆಗುತ್ತದೆ. ಬೆನ್ನು ಒದ್ದೆ ಆಗುವ ಮಕ್ಕಳಿಗೆ ಕಾರಣ ಹೆಚ್ಚಾಗಿ ಇದೇ. ಹಗಲು ಹತ್ತಿರ ಯಾರಾದರೂ ಕೂತಿರುವಾಗ ಜೋಲಿ ಇರಲಿ. ರಾತ್ರಿ ಮಾತ್ರ ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲೇ ಮಲಗಿಸಿ. ಇದು ಡೈಪರಿಗಾಗಿ ಮಾತ್ರ ಹೇಳುವ ಮಾತಲ್ಲ, ಮಗುವಿನ ಉಸಿರಾಟಕ್ಕೂ ಅದೇ ಒಳ್ಳೆಯದು. ಒಂದು ವರ್ಷದ ಒಳಗಿನ ಮಕ್ಕಳನ್ನಂತೂ ಅಂಗಾತವೇ ಮಲಗಿಸಬೇಕು.

ಹಾಕುವ ಕ್ರಮ ಒಮ್ಮೆ ನೋಡಿಕೊಳ್ಳಿ. ಗಂಡು ಮಗು ಆದ್ದರಿಂದ ಮೂತ್ರದ ಜಾಗ ಕೆಳಮುಖ ಆಗಿರಬೇಕು. ಮೇಲಕ್ಕೋ ಪಕ್ಕಕ್ಕೋ ತಿರುಗಿದ್ದರೆ ಹೊಟ್ಟೆಯ ಕಡೆಯಿಂದ ನೇರ ಅಂಗಿಗೆ. ಆಮೇಲೆ ಎರಡೂ ತೊಡೆಯ ಸುತ್ತ ಬೆರಳು ಹಾಕಿ ಆ ನೆರಿಗೆಯಂಥ ಅಂಚನ್ನು ಹೊರಗೆ ಎಳೆಯಿರಿ. ಪ್ಯಾಂಟ್ ಡೈಪರ್ ಸರ್ರನೆ ಏರಿಸುವಾಗ ಅದು ಒಳಗೆ ಮಡಚಿಕೊಂಡೇ ಉಳಿಯುತ್ತದೆ, ತೊಡೆಯ ಹತ್ತಿರ ಸೋರುವುದು ಆ ಮಡಿಕೆಯಿಂದಲೇ. ಒಂದೇ ಒಂದು ಬೆರಳಿನ ಕೆಲಸ, ಆದರೆ ಇಷ್ಟರಿಂದಲೇ ಸೋರುವುದು ನಿಂತ ಮಕ್ಕಳನ್ನು ಬಹಳ ನೋಡಿದ್ದೇನೆ.

ಅಳತೆಯ ವಿಷಯ: ಪ್ಯಾಕೆಟಿನ ಮೇಲೆ ಬರೆದ ಕಿಲೋ ನೋಡಿ, ತಿಂಗಳು ನೋಡಬೇಡಿ. ನಮ್ಮಲ್ಲಿ ಸಿಗುವ ಪ್ಯಾಂಟ್ ಡೈಪರುಗಳಲ್ಲಿ ಎಂ ಅಂದರೆ ಸಾಮಾನ್ಯವಾಗಿ 7ರಿಂದ 12 ಕಿಲೋ, ಎಲ್ ಅಂದರೆ 9ರಿಂದ 14. ನಿಮ್ಮ ಮಗ ಎರಡಕ್ಕೂ ಬರುತ್ತಾನೆ. ಈಗ ಎಂ ಹಾಕುತ್ತಿದ್ದರೆ ರಾತ್ರಿಗೆ ಮಾತ್ರ ಎಲ್ ಹಾಕಿ ನೋಡಿ, ಹೀರುವ ಜಾಗ ಜಾಸ್ತಿ ಸಿಗುತ್ತದೆ. ತೊಡೆಯ ಹತ್ತಿರ ಸಡಿಲ ಕಂಡರೆ ಬೇಡ, ಎಂ ಸಾಕು. ಸೊಂಟದಲ್ಲಿ, ತೊಡೆಯಲ್ಲಿ ಕೆಂಪು ಗೆರೆ ಬಿದ್ದು ತುಂಬಾ ಹೊತ್ತು ಹೋಗದಿದ್ದರೆ ಅದು ಸಣ್ಣದಾಯಿತು. ಒಂದರ ಮೇಲೊಂದು ಎರಡು ಡೈಪರ್ ಹಾಕುವವರಿದ್ದಾರೆ. ಒಳಗಿನದ್ದರ ಹೊರಮೈ ಪ್ಲಾಸ್ಟಿಕ್, ಅದು ದಾಟಿಸುವುದಿಲ್ಲ. ಸುಮ್ನೆ ಖರ್ಚು, ಮಗುವಿಗೆ ಸೆಕೆ ಬೇರೆ.

ಹಾಲಿನ ಬಗ್ಗೆ ನಿಮ್ಮ ಮನಸ್ಸು ಹೇಳಿದ್ದೇ ಸರಿ. ಸೋರುತ್ತದೆ ಅಂತ ಮಗುವಿನ ಹಾಲು ಕಡಿಮೆ ಮಾಡಬೇಡಿ. ಆದರೆ ಮಲಗುವ ಮುಂಚೆ ದೊಡ್ಡ ಲೋಟ ಗಂಜಿತಿಳಿಯೋ ಬೊಂಡದ ನೀರೋ ಕುಡಿಸುತ್ತಿದ್ದರೆ ಅದನ್ನು ಸಂಜೆ ಐದು ಗಂಟೆಗೆ ಕೊಡಿ, ರಾತ್ರಿಗೆ ಗಂಜಿ ಸ್ವಲ್ಪ ಗಟ್ಟಿ ಇರಲಿ. ಎಂಟಕ್ಕೆ ಹಾಕಿದ ಡೈಪರನ್ನು ಹನ್ನೊಂದಕ್ಕೆ ನೀವು ಮಲಗಲು ಹೋಗುವಾಗ ಬದಲಾಯಿಸಿ. ದೊಡ್ಡ ಲೈಟ್ ಹಾಕಬೇಡಿ, ಮಾತಾಡಿಸಬೇಡಿ, ಹೆಚ್ಚಿನ ಮಕ್ಕಳು ಏಳುವುದೂ ಇಲ್ಲ. ಬೆಳಿಗ್ಗೆ ಮೂರೂ ಕಡೆ ಉಬ್ಬಿರುತ್ತದೆ ಅನ್ನುವವರಿಗೆ ಇದೊಂದೇ ಸಾಕು.

ಹಾಸಿಗೆಗೆ ಮೊದಲು ರಬ್ಬರ್ ಶೀಟ್, ಅದರ ಮೇಲೆ ಹಳೆಯ ಪಂಚೆ, ಮತ್ತೆ ಅದೇ ಕ್ರಮದಲ್ಲಿ ಇನ್ನೊಂದು ಪದರ ಹಾಕಿ ಬಿಗಿಯಾಗಿ ಸಿಕ್ಕಿಸಿ. ಮೂರು ಗಂಟೆಗೆ ಮೇಲಿನ ಪದರ ಎಳೆದು ತೆಗೆದರೆ ಕೆಳಗೆ ಒಣ ಹಾಸಿಗೆ ರೆಡಿ. ಜೂನ್, ಜುಲೈಯಲ್ಲಿ ಅದರ ಸುಖ ನಿಮಗೇ ಗೊತ್ತಾಗುತ್ತದೆ.

ಒಂದು ಮಾತು ಮರೆಯಬೇಡಿ. ಇಷ್ಟು ದಿನ ಸರಿ ಇದ್ದ ಮಗು ಇದ್ದಕ್ಕಿದ್ದ ಹಾಗೆ ಲೋಟಗಟ್ಟಲೆ ನೀರು ಕೇಳುತ್ತಾ, ಡೈಪರ್ ಮೇಲೆ ಡೈಪರ್ ತುಂಬಿಸುತ್ತಾ, ತೂಕ ಇಳಿಯುತ್ತಾ ಇದ್ದರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿ. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ, ತಡ ಮಾಡಿದರೆ ಅಪಾಯ. ಜ್ವರ, ಉಚ್ಚೆ ಮಾಡುವಾಗ ಅಳು, ದಿನವಿಡೀ ತೊಟ್ಟಿಕ್ಕುತ್ತಲೇ ಇರುವುದು, ಇವನ್ನೂ ತೋರಿಸಬೇಕು.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಏಳು ತಿಂಗಳು. ನಾವು ಬಟ್ಟೆಯದ್ದೇ ಕಟ್ಟುವುದು. ಮಗಳು ಆನ್‌ಲೈನಿನಲ್ಲಿ ಬಟ್ಟೆ ಡೈಪರ್ ತರಿಸಿದ್ದಾಳೆ. ಹೊಸತರಲ್ಲೇ ಸೋರುತ್ತದೆ, ಮಳೆಗೆ ಒಣಗುವುದೂ ಇಲ್ಲ. ವಾಪಸು ಕಳಿಸುವುದಾ?
– ಒಬ್ಬ ಅಜ್ಜಿ, ಮಂಜೇಶ್ವರ

ಉತ್ತರ: ವಾಪಸು ಬೇಡ ಅಮ್ಮಾ. ಒಳಗಿಡುವ ಪಟ್ಟಿ ಹತ್ತಿಯದ್ದಾದರೆ ಹೊಸತರಲ್ಲಿ ಸರಿಯಾಗಿ ಹೀರುವುದಿಲ್ಲ. ಐದಾರು ಸಲ ಒಗೆದು ಒಣಗಿಸಿದ ಮೇಲೆ ನೋಡಿ. ಬಟ್ಟೆ ಮೆದುವಾಗಲು, ಪರಿಮಳ ಬರಲು ಹಾಕುವ ದ್ರಾವಣ ಹಾಕಬೇಡಿ, ಅದೂ ಎಣ್ಣೆಯ ಹಾಗೆ ನೀರು ತಡೆಯುತ್ತದೆ. ಸೋಪಿನ ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿ. ಹೆಣ್ಣು ಮಗು ಅಂಗಾತ ಮಲಗಿದರೆ ಒದ್ದೆಯಾಗುವುದು ನಡು ಮತ್ತು ಹಿಂಭಾಗ, ದಪ್ಪ ಮಡಿಕೆ ಅಲ್ಲಿ ಬರಬೇಕು.

ಮಳೆಗಾಲಕ್ಕೆ ನನ್ನ ಮನಸ್ಸು ನಿಮ್ಮ ಹಳೆಯ ಪಂಚೆಯ ತುಂಡಿನ ಕಡೆಗೇ. ಹೊಲಿದ ದಪ್ಪ ಪಟ್ಟಿ ಒಣಗಲು ಎರಡು ದಿನ ಬೇಕು, ಪಂಚೆ ಬಿಡಿಸಿ ಹಾಕಿದರೆ ಜಗಲಿಯ ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುತ್ತದೆ. ಅದನ್ನೇ ಆರೆಂಟು ಪದರ ಮಡಚಿ ಮಗಳು ತರಿಸಿದ ಡೈಪರಿನ ಒಳಗೆ ಇಡಿ. ಬಚ್ಚಲ ಒಲೆಯ ಹತ್ತಿರ ಒಣಗಿಸಿ ಹೊಗೆ ವಾಸನೆ ಹಿಡಿಸಬೇಡಿ. ಕಟ್ಟುವ ಮೊದಲು ಒಮ್ಮೆ ಇಸ್ತ್ರಿ ಹಾಕಿ, ಅರೆಒಣಗಿದ ಬಟ್ಟೆ ಕಟ್ಟಿದರೆ ತೊಡೆಸಂದಿಯಲ್ಲಿ ಫಂಗಸ್ ಬರುತ್ತದೆ. ಸಂದಿ ಕಡು ಕೆಂಪಾಗಿ ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅದಕ್ಕೆ ಬೇರೆ ಮುಲಾಮು ಇದೆ, ಡಾಕ್ಟರಿಗೆ ತೋರಿಸಿ ತೆಗೆದುಕೊಳ್ಳಿ.