ಮಾರುತಿಗೆ ದೊಡ್ಡ ಎಂಜಿನ್ ಬೇಡ, ಫ್ಯಾನ್ ಯಾಕೆ ಜೋರಾಗಿ ತಿರುಗಲಿಲ್ಲ ಹೇಳಿ

ಓದುಗರ ಪತ್ರ:

“ಉಡುಪಿಯ ಕಟಪಾಡಿ ಹತ್ತಿರ ನನ್ನದೊಂದು ಸಣ್ಣ ಗ್ಯಾರೇಜು. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿದ ಅಕ್ಕನ ಮಗ ಜೊತೆಗಿದ್ದಾನೆ. ಇಲ್ಲಿನ ರಿಪೇರಿಗಳನ್ನು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಈಗ ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಹಳೇ ಮಾರುತಿ 800 ತಂದು ‘ಪ್ರಾಜೆಕ್ಟ್ ಕಾರು’ ಅಂತ ಶುರು ಮಾಡಿದ್ದಾನೆ. ಅದಕ್ಕೆ ದೊಡ್ಡ ಎಂಜಿನ್ ಕೂರಿಸಬೇಕಂತೆ. ಅದಾದ ಮೇಲೆ ಜಿಪ್ಸಿ ಬೇಕಂತೆ. ತುಳುವಿನಲ್ಲಿ ಮಾಡಿ ಅಂತ ಕೆಲವರು, ಕನ್ನಡವೇ ಇರಲಿ ಅಂತ ಕೆಲವರು. ನನ್ನ ಗಾಡಿ ಯಾಕೆ ತೋರಿಸಿದಿರಿ ಎಂದು ಗಿರಾಕಿಯೊಬ್ಬರು ಜಗಳಕ್ಕೆ ಬಂದರು. ಇದರಲ್ಲಿ ದುಡ್ಡಿದೆಯಾ? ವಿಡಿಯೊ ಗ್ಯಾರೇಜುಗಳದ್ದು ಬರೀ ಶೋಕಿ ಅಂತ ನಿಮ್ಮ ಪತ್ರಿಕೆಯೇ ಬರೆದಿತ್ತು. ಮುಂದುವರಿಸುವುದೋ ಬಿಡುವುದೋ ಹೇಳಿ.”
– ಗ್ಯಾರೇಜು ಮಾಲೀಕರು, ಕಟಪಾಡಿ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಕೊನೆಯ ದೂರಿಗೆ ಮೊದಲು ಉತ್ತರ ಕೊಡುತ್ತೇನೆ. ನಾವು ಶೋಕಿ ಅಂದದ್ದು ಒಂದು ಜಾತಿಯ ವಿಡಿಯೊಗಳಿಗೆ. ಶುರುವಿನಲ್ಲಿ ತುಕ್ಕು ಹಿಡಿದ ಕಾರು, ಹತ್ತು ನಿಮಿಷ ಬಿಟ್ಟು ಪಳಪಳ ಹೊಳೆಯುವ ಕಾರು, ನಡುವೆ ಬರೀ ಹಾಡು. ಏನು ಕೆಟ್ಟಿತ್ತು, ಹೇಗೆ ಗೊತ್ತಾಯಿತು, ಎಷ್ಟು ಖರ್ಚಾಯಿತು, ಒಂದೂ ಇಲ್ಲ. ಅದನ್ನು ಈಗಲೂ ಶೋಕಿ ಅಂತಲೇ ಹೇಳುತ್ತೇನೆ. ನಿಮ್ಮ ಚಾನೆಲ್ ಕೂತು ನೋಡಿದೆ. ಅದು ಆ ಜಾತಿಯದಲ್ಲ. ಆದರೆ ಆ ಕಡೆಗೆ ಸ್ಟೇರಿಂಗ್ ತಿರುಗಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಯಿತು.

ನಿಮ್ಮ ವಿಡಿಯೊಗಳಲ್ಲಿ ನನಗೆ ಹಿಡಿಸಿದ್ದು ಪ್ರಾಜೆಕ್ಟ್ ಕಾರಿನದ್ದಲ್ಲ, ಹೀಟ್ ಆಗುತ್ತದೆ ಎಂದು ಬಂದ ಆ ಹಳೇ ಆಲ್ಟೊದ್ದು. ರೇಡಿಯೇಟರ್ ಫ್ಯಾನ್ ಸುಸ್ತಾದವರ ಹಾಗೆ ನಿಧಾನ ತಿರುಗುತ್ತಿತ್ತು. ನಿಮ್ಮ ಹುಡುಗ ಫ್ಯಾನಿನ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟ. ಜೋರಾಗಿ ತಿರುಗಿತು. ಅಲ್ಲಿಗೆ ಮೋಟಾರ್ ಸರಿ ಇದೆ ಎಂದಾಯಿತು. ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ ಬದಲಿಸಿ ನೋಡಿದ, ವ್ಯತ್ಯಾಸ ಇಲ್ಲ. ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರಿನ ಒಂದು ಪ್ರೋಬ್ ತುದಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಫ್ಯಾನಿನ ಅರ್ಥ್ ವೈರಿನ (ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ವೈರು) ಮೇಲೆ ಇಟ್ಟ. ಫ್ಯಾನ್ ಓಡುತ್ತಿರುವಾಗಲೇ ಇಟ್ಟ, ಅದು ಮುಖ್ಯ. ಮೀಟರ್ ಸುಮಾರು ಎರಡು ವೋಲ್ಟ್ ತೋರಿಸಿತು. ಅರ್ಥ್ ಸರಿ ಇದ್ದರೆ ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಹೆಡ್‌ಲೈಟಿನ ಹಿಂದಿನ ಅರ್ಥ್ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಬಿಳಿ ಪುಡಿ. ಉಪ್ಪುಕಾಗದದಲ್ಲಿ ತಿಕ್ಕಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿದ. ಕೆಲಸ ಮುಗಿಯಿತು. ಹೊಸ ಸ್ಪೇರ್ ಒಂದೂ ಇಲ್ಲ.

ಇಂಥ ಗಾಡಿಗೆ ಫ್ಯಾನ್ ಮೋಟಾರ್, ಥರ್ಮೋಸ್ಟಾಟ್, ಕೊನೆಗೆ ರೇಡಿಯೇಟರ್ ಕೂಡ ಹೊಸದು ಹಾಕಿ ಕಳಿಸುವವರು ಇದ್ದಾರೆ. ನಿಮಗೇ ಗೊತ್ತು.

ಬೇಜಾರಿನ ಸಂಗತಿ ಏನೆಂದರೆ, ಆ ಮಲ್ಟಿಮೀಟರ್ ಭಾಗವನ್ನೇ ಅವನು ವಿಡಿಯೊದಲ್ಲಿ ಓಡಿಸಿಬಿಟ್ಟಿದ್ದಾನೆ. ಪ್ರೋಬ್ ಎಲ್ಲಿಟ್ಟ, ಯಾಕಿಟ್ಟ ಎಂದು ನೋಡುವಷ್ಟರಲ್ಲಿ ದೃಶ್ಯ ಹೋಯಿತು. ಬೋಲ್ಟ್ ತಿಕ್ಕುವುದನ್ನು ಮಾತ್ರ ಆರಾಮವಾಗಿ ತೋರಿಸಿದ್ದಾನೆ. ತಿಕ್ಕಲು ಯಾರಿಗೂ ಬರುತ್ತದೆ. ಎಲ್ಲಿ ತಿಕ್ಕಬೇಕು ಎಂದು ಕಂಡುಹಿಡಿದದ್ದೇ ಕಸುಬು, ಅಲ್ವಾ? ನಿಮ್ಮ ಚಾನೆಲಿನ ಬಂಡವಾಳ ಇಷ್ಟೇ: ದೋಷ ಹುಡುಕುವ ದಾರಿ. ಅದರಲ್ಲೂ ನಮ್ಮ ಕರಾವಳಿಯ ದೋಷ. ಮಲ್ಪೆಯಿಂದ ಉಳ್ಳಾಲದವರೆಗೆ ಕಡಲ ಗಾಳಿ ತಿನ್ನುವ ಗಾಡಿಗಳ ಕಥೆಯನ್ನು ದಿಲ್ಲಿಯ ಮೆಕ್ಯಾನಿಕ್ ಹೇಳಲಾರ. ಅವನ ಗಾಡಿಗೆ ಧೂಳಿನ ಕಾಟ, ನಮ್ಮದಕ್ಕೆ ಉಪ್ಪು ಮತ್ತು ಪಸೆಯ ಕಾಟ.

ಹಾಗಾದರೆ ಪ್ರಾಜೆಕ್ಟ್ ಕಾರು ಬೇಡವೇ? ಬೇಕು. ಗಿರಾಕಿಯ ಗಾಡಿಯನ್ನು ನೀವು ಕೊಯ್ದು ತೋರಿಸುವ ಹಾಗಿಲ್ಲ. ಅವರಿಗೆ ಸಂಜೆಯೊಳಗೆ ಗಾಡಿ ಬೇಕು. ಆಯುಧಪೂಜೆಯ ಹಿಂದಿನ ವಾರವಂತೂ ಫೋನ್ ಮೇಲೆ ಫೋನ್. ಸ್ವಂತ ಕಾರಾದರೆ ಬಾಗಿಲಿನ ಒಳತಗಡು ಬಿಚ್ಚಬಹುದು, ಬಾಗಿಲಡಿಯ ರನ್ನಿಂಗ್ ಬೋರ್ಡ್ ಕೊಯ್ದು ಹೊಟ್ಟೆಯೊಳಗೆ ಏನಾಗಿದೆ ಎಂದು ತೋರಿಸಬಹುದು. ಅದಕ್ಕಾಗಿಯೇ ಆ 800 ನಿಮ್ಮ ಅಂಗಳದಲ್ಲಿ ಇರಬೇಕು.

ತುಕ್ಕಿನ ಬಗ್ಗೆಯೇ ಮೂರು ನಾಲ್ಕು ಕಂತು ಮಾಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. 800ರ ಬಾಗಿಲುಗಳ ಕೆಳಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಮಣ್ಣು, ಎಲೆಪುಡಿ ಕೂತು ಅವು ಮುಚ್ಚುತ್ತವೆ. ನೀರು ಒಳಗೇ ನಿಲ್ಲುತ್ತದೆ, ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಹೊರಗೆ ಪೇಂಟ್ ಉಬ್ಬಿ ಗುಳ್ಳೆ ಕಾಣುವಾಗ ತಡವಾಗಿರುತ್ತದೆ. ಬ್ಯಾಟರಿ ಟ್ರೇ, ಚಕ್ರದ ಮೇಲಿನ ಆರ್ಚ್, ಕಾಲಡಿಯ ಮ್ಯಾಟಿನ ಕೆಳಗಿನ ಫ್ಲೋರ್, ಎಲ್ಲ ಕಡೆಯೂ ಇದೇ ಕಥೆ.

ಇನ್ನೊಂದು ಸಂಗತಿಯನ್ನು ಖಂಡಿತ ತೋರಿಸಿ. ಮಳೆಗಾಲಕ್ಕೆ ಮುಂಚೆ ಎಲ್ಲರೂ ಅಡಿಗೆ ಕಪ್ಪು ಕೋಟಿಂಗ್ ಹೊಡೆಸುತ್ತಾರೆ. ತುಕ್ಕು ತೆಗೆಯದೆ ಅದರ ಮೇಲೆಯೇ ಹೊಡೆದರೆ ಪಸೆ ಒಳಗೆ ಸಿಕ್ಕಿಬೀಳುತ್ತದೆ. ಹೊರಗಿನಿಂದ ನೋಡಲು ಚಂದ, ಒಳಗೆ ತಗಡು ತಿಂದು ಹೋಗುತ್ತಿರುತ್ತದೆ. ಅವಸರದಲ್ಲಿ ಹೊಡೆಯುವವರು ಆ ನೀರಿಳಿಯುವ ತೂತುಗಳನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ. ತಗಡನ್ನು ಬೆಳ್ಳಗಾಗುವ ತನಕ ತಿಕ್ಕಿ, ಜಿಂಕ್ ಪ್ರೈಮರ್ ಕೊಟ್ಟು, ಜೋಡಣೆಗೆ ಸೀಲರ್ ಎಳೆದು, ಆಮೇಲೆ ಕೋಟಿಂಗ್. ಪೆಟ್ಟಿಗೆಯ ಹಾಗೆ ಮುಚ್ಚಿದ ಜಾಗಗಳಿಗೆ ಒಳಗಿನಿಂದ ಮೇಣದ ಸ್ಪ್ರೇ. ಈ ಕ್ರಮವನ್ನು ಒಮ್ಮೆ ಸರಿಯಾಗಿ ತೋರಿಸಿದರೆ ಕುಂದಾಪುರದಿಂದ ಕಾಸರಗೋಡಿನವರೆಗಿನ ಜನಕ್ಕೆ ಉಪಕಾರವಾಗುತ್ತದೆ.

ದೊಡ್ಡ ಎಂಜಿನ್ ವಿಷಯ. ಬೇಡ. ಅದು 796 ಸಿಸಿಯ ಮೂರು ಸಿಲಿಂಡರ್ ಗಾಡಿ, ತೂಕ 650 ಕಿಲೊ ಆಸುಪಾಸು. ಬ್ರೇಕು, ಸಸ್ಪೆನ್ಶನ್, ಗೇರ್‌ಬಾಕ್ಸ್ ಎಲ್ಲ ಆ ಲೆಕ್ಕಕ್ಕೇ ಮಾಡಿದ್ದು. ಕಾನೂನೂ ಒಪ್ಪುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಬೇರೆಯವರಾದರೆ ಕದ್ದುಮುಚ್ಚಿ ಮಾಡುತ್ತಾರೆ. ನೀವು ಸಾಕ್ಷಿಯನ್ನು ಒಳ್ಳೆ ಲೈಟ್ ಹಾಕಿ ಚಿತ್ರಿಸಿ ನೀವೇ ಅಪ್‌ಲೋಡ್ ಮಾಡುತ್ತೀರಿ! ಹಳೇ ಎಂಜಿನ್ ಹೋಯಿತೆಂದು ಅದೇ ಜಾತಿಯ ಇನ್ನೊಂದು ಹಾಕುವುದು ಬೇರೆ ವಿಷಯ. ಆರ್‌ಟಿಒ ಒಪ್ಪಿಗೆ ಪಡೆದು ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆಸಿದರಾಯಿತು.

ಆರ್‌ಸಿ ಅಂದಾಗ ನೆನಪಾಯಿತು. ಪೇಂಟಿಗೆ ಕೈ ಹಾಕುವ ಮೊದಲು ಆ ಕಾರಿನ ಕಾಗದ ನೋಡಿದ್ದೀರಾ? ನಮ್ಮಲ್ಲಿ ಹಿತ್ತಲಿನ ಗಾಡಿಗಳ ಮಾಲೀಕರು ಒಂದೋ ಮುಂಬೈಯಲ್ಲಿರುತ್ತಾರೆ, ಇಲ್ಲ ದುಬೈಯಲ್ಲಿ, ಇಲ್ಲ ತೀರಿಹೋಗಿರುತ್ತಾರೆ. ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಫಾರಂ 31. ಅಲ್ಲಿಂದ ನಿಮ್ಮ ಹೆಸರಿಗೆ ಬರಲು ಫಾರಂ 29 ಮತ್ತು 30. ಕಾರಿನ ನೋಂದಣಿಗೆ 15 ವರ್ಷ ಆಯುಷ್ಯ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿಗೆ ಆ ಶುಲ್ಕವನ್ನು 2025ರ ಆಗಸ್ಟಿನಲ್ಲಿ 10,000 ರೂಪಾಯಿಗೆ ಏರಿಸಿದರು. ಇದೆಲ್ಲ ಸೇರಿಸಿದರೆ ಕಾರು ತಂದ ಬೆಲೆಗಿಂತ ಕಾಗದದ ಖರ್ಚೇ ಜಾಸ್ತಿ ಆದೀತು. ಅದನ್ನೂ ಒಂದು ಕಂತು ಮಾಡಿ. ಜನ ನೋಡುತ್ತಾರೆ, ಯಾಕೆಂದರೆ ಅವರ ಹಿತ್ತಲಲ್ಲೂ ಒಂದು ಬಿದ್ದಿರುತ್ತದೆ.

ಇನ್ನು ದುಡ್ಡು. ಯೂಟ್ಯೂಬಿನಿಂದ ಜಾಹೀರಾತಿನ ಹಣ ಶುರುವಾಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ (ಚಿಕ್ಕ ವಿಡಿಯೊಗಳು) ಒಂದು ಕೋಟಿ ಸಲ ಓಡಿರಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ ನಾಲ್ಕು ನಿಮಿಷ ನೋಡಿದರೂ 60,000 ವೀಕ್ಷಣೆ ಆಯಿತು. ಉದ್ದ ವಿಡಿಯೊಗಳ ಜಾಹೀರಾತಿನ ಹಣದಲ್ಲಿ 55 ಶೇಕಡ ನಿಮಗೆ, ಅದೂ ಖಾತೆಯಲ್ಲಿ 100 ಡಾಲರ್ ತುಂಬಿದ ಮೇಲೆ ಬ್ಯಾಂಕಿಗೆ. ಕನ್ನಡದ ಸಣ್ಣ ಚಾನೆಲಿಗೆ ಇದರಿಂದ ಟಿಂಕರಿಂಗ್ ಖರ್ಚು ಹುಟ್ಟುವುದೂ ಕಷ್ಟ. ನನ್ನ ಲೆಕ್ಕದಲ್ಲಿ ನಿಮ್ಮ ದುಡ್ಡು ಬರುವುದು ಬೇರೆ ಬಾಗಿಲಿನಿಂದ. ಆಲ್ಟೊ ವಿಡಿಯೊ ನೋಡಿ, ಇವರು ಸುಮ್ನೆ ಸ್ಪೇರ್ ಬದಲಿಸುವವರಲ್ಲ ಎಂದು ಕಾರ್ಕಳದಿಂದ ಒಬ್ಬರು ಗಾಡಿ ತಂದರೆ ಅದೇ ನಿಜವಾದ ಸಂಪಾದನೆ. ಹಾಗಾಗಿ ಚಾನೆಲಿಗಾಗಿ ಗ್ಯಾರೇಜಿನ ಕೆಲಸ ತಡವಾಗಬಾರದು. ಕ್ಯಾಮೆರಾ ಕಾಯಲಿ, ಗಿರಾಕಿ ಕಾಯಬಾರದು.

ಜಗಳಕ್ಕೆ ಬಂದ ಗಿರಾಕಿಯದ್ದು ನ್ಯಾಯವೇ. ಮೊದಲು ಕೇಳಿ, ನಂಬರ್ ಪ್ಲೇಟಿಗೆ ಬಟ್ಟೆ ಹಾಕಿ, ಹೆಸರು ಹೇಳಬೇಡಿ. ಮುಂಚೆ ಕೈ ಹಾಕಿದ ಗ್ಯಾರೇಜಿನವರನ್ನು ಬೈಯುವುದೂ ಬೇಡ. ಕಟಪಾಡಿಯಲ್ಲಿ ಯಾರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ, ನಾಳೆ ಅವರ ಹತ್ತಿರವೇ ಪುಲ್ಲರಿನಂಥ ಸಾಮಾನು ಕೇಳಲು ಹೋಗಬೇಕಲ್ಲ.

ತುಳುವೋ ಕನ್ನಡವೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಗಿರಾಕಿಯ ಜೊತೆ ತುಳುವಿನಲ್ಲಿ ಆಡಿದ ಮಾತು ಹಾಗೇ ಇರಲಿ, ಕೆಳಗೆ ಕನ್ನಡದಲ್ಲಿ ಬರೆಯಿರಿ. ವಿವರಣೆ ಕನ್ನಡದಲ್ಲಿ ಇದ್ದರೆ ಘಟ್ಟದ ಮೇಲಿನವರಿಗೂ ಸಿಗುತ್ತದೆ. ಆದರೆ ನಿಮ್ಮ ಹುಡುಗ ಇತ್ತೀಚಿನ ವಿಡಿಯೊಗಳಲ್ಲಿ ಬೆಂಗಳೂರಿನವರ ಹಾಗೆ ಮಾತಾಡಲು ಹೊರಟಿದ್ದಾನೆ. ಬಾಯಿಗೆ ಹೊಂದುವುದಿಲ್ಲ. ನಮ್ಮ ಉಡುಪಿ ಕನ್ನಡವೇ ಸಾಕು. ಜೂನ್, ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಹೇಗೂ ಮಾತು ಕೇಳುವುದಿಲ್ಲ. ಆಗ ಚಿತ್ರ ಮಾತ್ರ ತೆಗೆದು, ಧ್ವನಿಯನ್ನು ರಾತ್ರಿ ಮನೆಯಲ್ಲಿ ಕೂತು ಸೇರಿಸಿ. ಪೇಂಟ್ ಕೆಲಸವನ್ನು ಆಟಿ ತಿಂಗಳು (ಜುಲೈ–ಆಗಸ್ಟ್) ಕಳೆದ ಮೇಲೆ ಇಟ್ಟುಕೊಳ್ಳಿ. ಆ ಪಸೆಯಲ್ಲಿ ಹೊಡೆದ ಪೇಂಟ್ ಬಿಳಚುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ವಿಷಯಕ್ಕೆ ಮಾತ್ರ ನನಗೆ ಸಿಟ್ಟು ಬಂತು. 800ರ ಎರಡನೇ ಕಂತಿನಲ್ಲಿ ಗಾಡಿಯನ್ನು ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಮೇಲೆ ನಿಲ್ಲಿಸಿ ಹುಡುಗ ಅಡಿಗೆ ನುಗ್ಗಿದ್ದಾನೆ. ನಮ್ಮ ಊರಲ್ಲಿ ಕಲ್ಲು ಸುಲಭಕ್ಕೆ ಸಿಗುತ್ತದೆ, ಒಪ್ಪುತ್ತೇನೆ. ಮಳೆಯಲ್ಲಿ ನೆನೆದ ಮುರಕಲ್ಲು ಯಾವಾಗ ಅಂಚು ಬಿಡುತ್ತದೆ ಎಂದು ಕಟ್ಟಡದ ಮೇಸ್ತ್ರಿಯನ್ನೇ ಕೇಳಿ ನೋಡಿ. ಹಾಲೊ ಬ್ಲಾಕ್ ಅಂತೂ ಒಂದೇ ಏಟಿಗೆ ಪುಡಿ. ಬರೀ ಜಾಕಿನ ಮೇಲೂ ನಂಬಿಕೆ ಬೇಡ, ಸೀಲ್ ಹೋದರೆ ಹೈಡ್ರಾಲಿಕ್ ಜಾಕ್ ಕೂತುಬಿಡುತ್ತದೆ. ಎರಡು ಜೋಡಿ ಜಾಕ್ ಸ್ಟ್ಯಾಂಡ್ ತನ್ನಿ. ಹೊಸ ಮೈಕಿಗಿಂತ ಮೊದಲು ಅದನ್ನು ತನ್ನಿ. ಕಲಿಯುವ ಹುಡುಗರು ನೋಡುತ್ತಾರೆ, ನೋಡಿದ್ದನ್ನೇ ಮಾಡುತ್ತಾರೆ. ಆ ಭಾಗವನ್ನು ಇವತ್ತೇ ಕತ್ತರಿಸಿ ತೆಗೆಯಿರಿ.

ಜಿಪ್ಸಿ ಬಗ್ಗೆ: 1985ರಲ್ಲಿ ಬಂದ ಆ ಗಾಡಿಯ ಮೇಲೆ ಹುಡುಗರಿಗೆ ಪ್ರೀತಿ ಇರುವುದು ಸಹಜ. ಅದಕ್ಕೇ ಬೆಲೆಯೂ ಏರಿ ಕೂತಿದೆ. ನಾನಾದರೆ ಮುಂದಿನ ಪ್ರಾಜೆಕ್ಟಿಗೆ ಓಮ್ನಿ ಆರಿಸುತ್ತೇನೆ. 1984ರಿಂದ 2019ರವರೆಗೆ ಬಂದ ಗಾಡಿ. ನಮ್ಮ ಕಡೆ ಬಾಡಿಗೆಗೆ, ಮೀನಿಗೆ, ಮದುವೆ ಊಟದ ಪಾತ್ರೆ ಸಾಗಿಸಲು ಓಡದ ಓಮ್ನಿ ಇಲ್ಲ. ಎಂಜಿನ್ 800ರ ಕುಟುಂಬದ್ದೇ, ಸ್ಪೇರ್‌ಗೆ ಅಲೆದಾಟ ಕಡಿಮೆ. ಆದರೆ ಉಳಿದದ್ದೆಲ್ಲ ಬೇರೆ. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ, ಓಡುವುದು ಹಿಂದಿನ ಚಕ್ರ. ಎಂಜಿನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಕ್ರಾಸ್, ಕ್ರೌನ್ ಪಿನಿಯನ್ ಎಲ್ಲ ತೋರಿಸಲು ಅವಕಾಶ ಸಿಗುತ್ತದೆ. ಸೀಟ್ ಎತ್ತಿ ಅಷ್ಟು ಇಕ್ಕಟ್ಟಿನಲ್ಲಿ ಕ್ಯಾಮೆರಾ ಎಲ್ಲಿಡುವುದು ಎನ್ನುವುದು ನಿಮ್ಮ ಹುಡುಗನ ತಲೆನೋವು.

ಅದಕ್ಕೆ ಮೊದಲು 800 ಮುಗಿಯಬೇಕು, ಆರ್‌ಟಿಒಗೆ ಹೋಗಿ ಪಾಸ್ ಆಗಿ ರಸ್ತೆಗೆ ಇಳಿಯಬೇಕು. ಆಗ ಅದರ ಪೂರ್ತಿ ಖರ್ಚಿನ ಪಟ್ಟಿ ನಮಗೆ ಕಳಿಸಿಕೊಡಿ: ಸ್ಪೇರ್, ಲೇತ್ ಕೆಲಸ, ಟಿಂಕರಿಂಗ್, ಪೇಂಟ್, ಕಾಗದಪತ್ರ ಬೇರೆ ಬೇರೆಯಾಗಿ, ನಿಮ್ಮ ಇಬ್ಬರ ಕೂಲಿಯನ್ನೂ ಬಿಡದೆ ಹಾಕಿ. ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ. ಆಲ್ಟೊ ಫ್ಯಾನಿನ ಕಥೆಯನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡಿ. ಪ್ರೋಬ್ ಇಟ್ಟ ಜಾಗ ಸ್ಪಷ್ಟವಾಗಿ ಕಾಣುವ ಎರಡು ಫೋಟೊ ಜೊತೆಗೆ ಹುಡುಗನೇ ಬರೆದು ಕಳಿಸಲಿ. ಮುಂದಿನ ಸಂಚಿಕೆಗೆ ಜಾಗ ಇಟ್ಟಿದ್ದೇನೆ.

– ಸಂಪಾದಕ