ಆ ಇಂಡಿಯನ್ ಯಾರು?

ಪ್ರಶ್ನೆ: ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಅಂತ ಒಂದು ಸಿನಿಮಾ ಉಂಟು, ನೋಡಿ ಅಪ್ಪಾ ಎಂದ ಮಗ. ನಮ್ಮ ದೇಶದವನ ಕತೆ ಅಂತ ಕೂತರೆ ನ್ಯೂಜಿಲೆಂಡಿನ ಅಜ್ಜ ಬಂದರು! ಅರ್ಧಕ್ಕೇ ಎದ್ದೆ. ಪೂರ್ತಿ ನೋಡುವಂಥದ್ದಾ? ಅವರು ಮರಳಲ್ಲಿ ಬೈಕ್ ಓಡಿಸಿದ್ದು ನೋಡಿ, ಮಗ ಈಗ ನಮ್ಮ ಬೀಚಿಗೆ ಬೈಕ್ ಇಳಿಸಲು ಹೊರಟಿದ್ದಾನೆ.
– ಓದುಗರೊಬ್ಬರು, ಮಲ್ಪೆ

ಉತ್ತರ: ಪೂರ್ತಿ ನೋಡಿ ಮಾರಾಯ್ರೆ. ಹೆಸರು ನೋಡಿ ನಾನೂ ಬೇಸ್ತು ಬಿದ್ದಿದ್ದೆ. ಇಂಡಿಯನ್ ಅನ್ನುವುದು ಅಮೆರಿಕದ ಬೈಕಿನ ಹೆಸರು. ಅದರ ಸ್ಕೌಟ್ ಮಾಡೆಲನ್ನು ನೀವು ಕಂಡ ಆ ಅಜ್ಜ, ಬರ್ಟ್ ಮನ್ರೋ, 1920ರಲ್ಲಿ ಕೊಂಡರು. ಆಗ ಅದರ ಓಟ ಗಂಟೆಗೆ 90 ಕಿ.ಮೀ. ಕೂಡ ಇರಲಿಲ್ಲ. 1967ರಲ್ಲಿ ಅಮೆರಿಕದ ಬೊನೆವಿಲ್ ಉಪ್ಪಿನ ಬಯಲಿನಲ್ಲಿ ಅದೇ ಬೈಕು 295 ಕಿ.ಮೀ. ದಾಟಿತು. ಅಜ್ಜನಿಗೆ ಆಗ 68. ಅದೂ ಒಂದೇ ಓಟದ ಲೆಕ್ಕ ಅಲ್ಲ. ಹೋಗಬೇಕು, ತಿರುಗಿ ಬರಬೇಕು, ಎರಡರ ಸರಾಸರಿ ತೆಗೆಯುತ್ತಾರೆ. ಬೆನ್ನಿಗೆ ಗಾಳಿ ಸಿಕ್ಕಿತು ಅಂತ ಯಾರೂ ಲಾಭ ಮಾಡಿಕೊಳ್ಳುವ ಹಾಗಿಲ್ಲ.

ಮಂಗಳೂರಿನ ಬಿಜೈಯಲ್ಲಿ 30 ವರ್ಷ ಗ್ಯಾರೇಜ್ ನಡೆಸಿದ ನನಗೆ ರೇಸಿಗಿಂತ ಅವರ ಶೆಡ್ಡೇ ಜಾಸ್ತಿ ಇಷ್ಟ. ಪಿಸ್ಟನ್‌ಗಳನ್ನು ಹಳೆ ಡಬ್ಬಿಗಳಲ್ಲಿ ತಾವೇ ಎರಕ ಹೊಯ್ಯುತ್ತಿದ್ದರು. ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ ಟ್ರ್ಯಾಕ್ಟರ್ ಆಕ್ಸಲ್ಲಿನ ಉಕ್ಕು! ಒಡೆದ, ಸುಟ್ಟ ಭಾಗಗಳನ್ನೆಲ್ಲ ಶೆಲ್ಫಿನಲ್ಲಿ ಜೋಡಿಸಿ, ‘ವೇಗದ ದೇವರಿಗೆ ಕಾಣಿಕೆ’ ಅಂತ ಬರೆದಿದ್ದರು. ನಾನೊಮ್ಮೆ ಗಿರಾಕಿಯ ಬೈಕಿನಲ್ಲಿ ಪಿಸ್ಟನ್ ಓಡುವ ಬೋರು ಬಿಗಿಯಾಗಿ ಬಿಟ್ಟು, ಕದ್ರಿ ಏರಿನಲ್ಲಿ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಸೀಜ್ ಆಗಿತ್ತು. ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಟ್ಟೆ. ಗೀರು ಬಿದ್ದ ಆ ಪಿಸ್ಟನನ್ನು ಮಾತ್ರ ಹುಡುಗರ ಕಣ್ಣಿಗೆ ಬೀಳಬಾರದೆಂದು ಗುಜರಿ ಗೋಣಿಯ ತಳಕ್ಕೆ ತುರುಕಿದೆ. ಈ ಅಜ್ಜ ಅಂಥದ್ದನ್ನೇ ಬಂದವರಿಗೆ ಕಾಣುವ ಹಾಗೆ ಇಟ್ಟಿದ್ದರಲ್ಲ! ಆ ಶೆಲ್ಫ್ ಕಂಡಾಗ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

2005ರ ಸಿನಿಮಾ. ನಟ ಆಂಥೊನಿ ಹಾಪ್‌ಕಿನ್ಸ್. ನಿರ್ದೇಶಕ ರೋಜರ್ ಡೊನಾಲ್ಡ್‌ಸನ್, ಮನ್ರೋ ಬದುಕಿದ್ದಾಗಲೇ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದವರು. ಹಲವು ವರ್ಷಗಳ ಬೊನೆವಿಲ್ ಪ್ರಯಾಣಗಳನ್ನು ಇಲ್ಲಿ ಒಂದೇ ಪ್ರಯಾಣ ಮಾಡಿದ್ದಾರೆ, ಅಷ್ಟು ಸಡಿಲ ಬಿಡಿ. ಅಜ್ಜ ನಿಂಬೆ ಗಿಡಕ್ಕೆ ಹಾಕುವ ‘ಗೊಬ್ಬರ’ ಎಂಥದ್ದು ಅಂತ ಮಕ್ಕಳು ಕೇಳಿದರೆ ಅದು ನಿಮ್ಮ ಪಾಡು.

ಇನ್ನು ಮಗನ ವಿಷಯ. ಮನ್ರೋ ತಮ್ಮೂರ ಬಳಿಯ ಒರೆಟಿ ಬೀಚಿನಲ್ಲಿ ಬೈಕ್ ಓಡಿಸುತ್ತಿದ್ದದ್ದು ನಿಜ. ಅದು ಉದ್ದಕ್ಕೂ ಗಟ್ಟಿ ಮರಳಿನ ದಂಡೆ. ಮಲ್ಪೆಯಲ್ಲಿ ಮಕ್ಕಳು ಮರಳಲ್ಲಿ ಮನೆ ಕಟ್ಟುತ್ತಿರುತ್ತಾರೆ. ಅಲ್ಲಿ ಬೇಡವೇ ಬೇಡ. ಉಪ್ಪು ನೀರು ತಾಗಿದ ಚೈನು ಎರಡೇ ದಿನದಲ್ಲಿ ಕೆಂಪಾಗುತ್ತದೆ, ಅದು ಬೇರೆ. ರಸ್ತೆ ಬೈಕಿನ ಎಂಜಿನ್ ಬದಲಾಯಿಸುವ ಯೋಚನೆಯಿದ್ದರೆ ವಾಹನದ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಸಿ. ಕೈ ತುರಿಸುತ್ತಿದ್ದರೆ ಗುಜರಿಯಿಂದ ಹಳೆ ಎಂಜಿನ್ ಒಂದು ತಂದುಕೊಡಿ, ಬಿಚ್ಚಿ ಜೋಡಿಸಲಿ. ಕೊನೆಗೆ ನಟ್ಟು ಎಷ್ಟು ಉಳಿಯಿತು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.